ನಮ್ಮ ಬಲಿಪಜ್ಜ

ಕಾಸರಗೋಡು ಕೇರಳದಲ್ಲಿದೆಯಲ್ಲ, ಅಲ್ಲಿ ರಾತ್ರಿ ಬೆಳಗಾಗುವವರೆಗೆ ಕನ್ನಡದಲ್ಲಿ ಯಕ್ಷಗಾನದ ಆಟ ಆಡುವುದು ಹೇಗೆ ಎಂದು ಕೇಳಿದ್ದೀರಿ. ಯಕ್ಷಗಾನದಲ್ಲಿ ಹಾಡಿ ಆಟ ನಡೆಸುತ್ತಿದ್ದ ಬಲಿಪ ನಾರಾಯಣ ಭಾಗವತರ ವಿಷಯ ಹೇಳುತ್ತೇನೆ, ಅದರಲ್ಲೇ ಉತ್ತರ ಇದೆ.

ಅವರು ಹುಟ್ಟಿದ್ದು 1938ರಲ್ಲಿ, ಇಲ್ಲಿಯ ಪಡ್ರೆಯಲ್ಲಿ. 1956ರಲ್ಲಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಷ್ಟರಲ್ಲಿ ಅವರಿಗೆ ಪದ, ಎಂದರೆ ಯಕ್ಷಗಾನದ ಹಾಡು, ಒಲಿದಾಗಿತ್ತು. ಕಲಿಸಿದವರು ಅಜ್ಜ, ಅವರ ಹೆಸರೂ ಬಲಿಪ ನಾರಾಯಣ ಭಾಗವತರೇ. ಯಕ್ಷಗಾನ ಪ್ರಸಂಗಗಳನ್ನು, ಎಂದರೆ ಆಟದ ಕಥೆ ಹೇಳುವ ಹಾಡುಗಳನ್ನು, ಬರೆದ ಪಾರ್ತಿಸುಬ್ಬ ಇಲ್ಲಿಯದೇ ಕುಂಬಳೆ ಸೀಮೆಯವನು. ಹಾಗಾಗಿ ನಮಗೆ ಈ ಹಾಡು ಎಲ್ಲಿಂದಲೋ ಬಂದದ್ದಲ್ಲ, ಮನೆಯದೇ.

ನಮ್ಮ ಕಡೆಯ ಯಕ್ಷಗಾನದ ಶೈಲಿಯಾದ ತೆಂಕುತಿಟ್ಟಿನಲ್ಲಿ ಭಾಗವತರೆಂದರೆ ಬರೀ ಹಾಡುವವರಲ್ಲ. ವೇಷಧಾರಿಗಳು ಮಾತನ್ನು ರಂಗಸ್ಥಳದಲ್ಲೇ ಕಟ್ಟುತ್ತಾರೆ. ಆ ಮಾತು ಎಲ್ಲಿ ನಿಲ್ಲಬೇಕು, ಯಾವ ಪದ ಎತ್ತಬೇಕು, ಹೊತ್ತು ಮೀರಿದರೆ ಯಾವುದನ್ನು ಬಿಡಬೇಕು ಎನ್ನುವುದೆಲ್ಲ ಭಾಗವತರ ಕೈಯಲ್ಲಿ. ಬಲಿಪರು ಪುಸ್ತಕ ಎದುರಿಗಿಟ್ಟುಕೊಳ್ಳದೆ ಪ್ರಸಂಗ ನಡೆಸುತ್ತಿದ್ದರು. ಏರು ಶ್ರುತಿ, ಕೈಯಲ್ಲಿ ಜಾಗಟೆ, ತಲೆಗೆ ಮುಂಡಾಸು. ಅಲಂಕಾರಕ್ಕಾಗಿ ರಾಗ ಎಳೆಯುವವರಲ್ಲ. ಸಾಹಿತ್ಯದ ಅಕ್ಷರ ಅಕ್ಷರವೂ ಹಿಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂತವರಿಗೆ ಕೇಳಬೇಕು, ಅಷ್ಟೆ. ಜನ ಇದನ್ನು ಬಲಿಪ ಶೈಲಿ ಎಂದೇ ಕರೆದರು. ನನಗೆ ಇವತ್ತಿಗೂ ಪದ ಎಂದರೆ ಅದೇ.

ಮುಂದೆ ಅವರು ಮೂಡುಬಿದಿರೆ ಹತ್ತಿರದ ಮಾರೂರಿನಲ್ಲಿ ನೆಲೆಸಿದರು, ದಶಕಗಳ ಕಾಲ ಕಟೀಲು ದೇವಸ್ಥಾನದ ಯಕ್ಷಗಾನ ತಂಡವಾದ ಕಟೀಲು ಮೇಳದಲ್ಲಿ ಊರೂರು ತಿರುಗಾಟ ಮಾಡಿದರು. ಕಟೀಲು ಮೇಳಕ್ಕೆ ಹರಕೆ ಹೊತ್ತವರು ಹೆಚ್ಚಾಗಿ ಆಡಿಸುವುದು ದೇವಿ ಮಹಾತ್ಮೆ. ಒಂದು ರಾತ್ರಿಯ ಆ ಕಥೆಯನ್ನು ಬಲಿಪರು ಐದು ರಾತ್ರಿ ಆಡುವಷ್ಟು ದೊಡ್ಡ ಪ್ರಸಂಗವಾಗಿ ಬರೆದರು. ರಾತ್ರಿ ನಿದ್ದೆಗೆಟ್ಟು ದುಡಿಯುವ ಮನುಷ್ಯ ಇಷ್ಟು ಪದಗಳನ್ನು ಯಾವಾಗ ಹೊಸೆದರೋ ಎಂದು ಬೆರಗಾಗುತ್ತದೆ.

ನಮಗೂ ಅವರಿಗೂ ನೆಂಟಸ್ತಿಕೆ ಇಲ್ಲ. ಆದರೂ ಮನೆಯಲ್ಲಿ ಯಾರೂ ಅವರನ್ನು ಬರೀ ಹೆಸರು ಹಿಡಿದು ಕರೆದದ್ದಿಲ್ಲ, ಎಲ್ಲರಿಗೂ ಬಲಿಪಜ್ಜ. 2022ರಲ್ಲಿ ಅವರ ಮಗ ಪ್ರಸಾದ ಬಲಿಪರು ತೀರಿಕೊಂಡಾಗ ನಮ್ಮಲ್ಲಿ ಆಡಿದ ಮೊದಲ ಮಾತೇ, ಇನ್ನು ಅಜ್ಜ ಹೇಗೆ ತಡೆದುಕೊಳ್ಳುತ್ತಾರೆ ಎಂದು. ಪ್ರಸಾದರೂ ಅದೇ ಮಟ್ಟಿನಲ್ಲಿ ಹಾಡುವ ಭಾಗವತರು, ಇನ್ನೂ ಹಾಡಬೇಕಾದ ವಯಸ್ಸು. ಮರುವರ್ಷ ಫೆಬ್ರವರಿ 16ರಂದು ಬಲಿಪಜ್ಜನೂ ಹೋದರು.

ಇನ್ನೊಬ್ಬ ಮಗ ಶಿವಶಂಕರ ಬಲಿಪರು ಹಾಡುತ್ತಾರೆ. ದೀಪಾವಳಿ ಕಳೆದ ಮೇಲೆ, ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಈ ಕಡೆ ಬನ್ನಿ. ಮೇಳಗಳು ತಿರುಗಾಟದಲ್ಲಿರುತ್ತವೆ. ಆಟಕ್ಕೆ ಮೊದಲು ಬಣ್ಣದ ಮನೆಯಲ್ಲಿ ನಡೆಯುವ ಚೌಕಿ ಪೂಜೆಯ ಹೊತ್ತಿಗೇ ಬಂದು ಕೂರಿ, ಮಧ್ಯರಾತ್ರಿಗೆ ಎದ್ದು ಹೋಗಬೇಡಿ.