ಐದು ತಿಂಗಳು ನಿಲ್ಲುವ ಜಾವಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆಯಲ್ಲಿ ತಂದೆಯವರ ಕಾಲದ 1969ರ ಜಾವಾ ಬೈಕ್ ಇದೆ. ವಾರಕ್ಕೊಮ್ಮೆಯಾದರೂ ಓಡಿಸುತ್ತೇನೆ. ಈ ಸಲ ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ನಾನೂ ನನ್ನ ಪತ್ನಿಯೂ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಚಳಿಗಾಲದಲ್ಲಿ ಹಳೆಯ ಬೈಕ್ ನಿಲ್ಲಿಸುವ ಕ್ರಮವೆಂದು ಅಳಿಯಂದಿರು ಕಳುಹಿಸಿದ ಅಲ್ಲಿನ ಸಲಹೆಗಳಲ್ಲಿ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಬೇಕು, ಎಂಜಿನ್ ನೀರು ಹೆಪ್ಪುಗಟ್ಟದಂತೆ ದ್ರಾವಣ ಹಾಕಬೇಕು ಎಂದಿದೆ. ಪಕ್ಕದ ಮನೆಯ ಹುಡುಗ ಭಾನುವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ ಎನ್ನುತ್ತಾನೆ. ಯಾವುದನ್ನು ಪಾಲಿಸಲಿ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಅಳಿಯಂದಿರ ಕಾಳಜಿ ಸರಿಯಾದದ್ದೇ, ಆದರೆ ಆ ಸಲಹೆಗಳು ಹಿಮ ಬೀಳುವ, ರಸ್ತೆಗೆ ಉಪ್ಪು ಎರಚುವ ಊರುಗಳಿಗಾಗಿ ಬರೆದವು. ನಿಮ್ಮ ಜಾವಾ ಗಾಳಿಯಿಂದ ತಣಿಯುವ ಎಂಜಿನ್ನಿನ ಗಾಡಿಯಾದ್ದರಿಂದ ಅದರಲ್ಲಿ ಹೆಪ್ಪುಗಟ್ಟಲು ನೀರೇ ಇಲ್ಲ. ಮೈಸೂರಿನ ಚಳಿಯೂ ನೀರು ಹೆಪ್ಪುಗಟ್ಟಿಸುವಂಥದ್ದಲ್ಲ. ಇಲ್ಲಿ ಗಾಡಿಯನ್ನು ಹಾಳುಮಾಡುವುದು ತೇವ ಮತ್ತು ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್. ಇವೆರಡನ್ನು ನಿಭಾಯಿಸಿದರೆ ಉಳಿದ ಕೆಲಸ ಅರ್ಧ ದಿನದ್ದು.

ಮೊದಲಿಗೆ ಪೆಟ್ರೋಲ್ ವಿಷಯ. ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ಗಾಳಿಗೆ ಜಾಗವಿರುವುದಿಲ್ಲ, ಗಾಳಿಯಿಲ್ಲದಿದ್ದರೆ ತೇವ ಕೂರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ ಎಂಬ ಹಳೆಯ ಮಾತು ಎಥೆನಾಲ್ ಇಲ್ಲದ ಪೆಟ್ರೋಲ್ ಸಿಗುತ್ತಿದ್ದ ಕಾಲಕ್ಕೆ ಸರಿಯಾಗಿತ್ತು. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ತಡೆಯಲಾರದಷ್ಟು ನೀರು ಸೇರಿದಾಗ ಎಥೆನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ, ಅಂದರೆ ಸರಿಯಾಗಿ ಪೆಟ್ರೋಲ್ ಬಿಡುವ ನಲ್ಲಿ, ಅದೇ ಪೆಟ್ರೋಲ್ ಕಾಕ್, ಇರುವ ಜಾಗಕ್ಕೆ ಇಳಿಯುತ್ತವೆ. ಇಂಥ ಗಾಡಿಗಳನ್ನು ಮಾಡಿದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ತೊಡಗಿ 1996ರಲ್ಲಿ ಬಾಗಿಲು ಮುಚ್ಚಿತು. ಆ ಕಾಲದ ರಬ್ಬರ್ ಪೈಪು, ವಾಷರ್, ಕಾರ್ಕ್‌ಗಳನ್ನು ಇಂಥ ಮಿಶ್ರಣಕ್ಕಾಗಿ ಮಾಡಿರಲಿಲ್ಲ. ಅವು ಉಬ್ಬುತ್ತವೆ, ಮೆತ್ತಗಾಗುತ್ತವೆ, ಆಮೇಲೆ ಸೋರುತ್ತವೆ. ಆದ್ದರಿಂದ ಐದು ತಿಂಗಳ ಮಟ್ಟಿಗೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಖಾಲಿ ಮಾಡಿದ ಮೇಲೆ ಮುಚ್ಚಳ ತೆಗೆದು ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದು ದಿನ ಬಿಟ್ಟು, ಅರ್ಧ ಲೋಟದಷ್ಟು 2ಟಿ ಆಯಿಲ್ (ಜಾವಾದಂಥ ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಸುರಿದು, ಟ್ಯಾಂಕನ್ನು ಎಲ್ಲ ಬದಿಗೂ ಹೊರಳಿಸಿ ಒಳಮೈಗೆಲ್ಲ ಆಯಿಲ್ ಹತ್ತುವಂತೆ ಮಾಡಿ. ಹೆಚ್ಚಾದದ್ದನ್ನು ಬಗ್ಗಿಸಿ ತೆಗೆಯಿರಿ. ತೆಗೆದ ಪೆಟ್ರೋಲನ್ನು ಮನೆಯಲ್ಲಿ ಕ್ಯಾನಿನಲ್ಲಿ ಇಡಬೇಡಿ. ಟೂ-ಸ್ಟ್ರೋಕ್ ಸ್ಕೂಟರ್ ಇಟ್ಟುಕೊಂಡ ಪರಿಚಯದವರಿದ್ದರೆ ಕೊಟ್ಟುಬಿಡಿ.

ಕಾರ್ಬ್ಯುರೇಟರ್ ಬಟ್ಟಲಲ್ಲಿ ಉಳಿದದ್ದನ್ನೂ ಮರೆಯದೆ ತೆಗೆಯಬೇಕು. ಆಯಿಲ್ ಬೆರೆತ ಪೆಟ್ರೋಲ್ ಆರಿದಾಗ ಉಳಿಯುವುದು ಅಂಟಿನಂಥ ಕಂದು ಪದರ. ಅದು ಮೊದಲು ಮುಚ್ಚುವುದು ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಬಿಡುವ, ಕೂದಲೆಳೆಯಷ್ಟೇ ತೂತಿರುವ ಪೈಲಟ್ ಜೆಟ್ಟನ್ನು. ಮಾರ್ಚ್‌ನಲ್ಲಿ ಬಂದು ಕಿಕ್ ಹೊಡೆದು ಹೊಡೆದು ಕಾಲು ಸೋತ ಮೇಲೆ ಜನ ಪ್ಲಗ್ಗನ್ನೂ ಕಾಯಿಲನ್ನೂ ಬೈಯುತ್ತಾರೆ, ದೋಷವಿರುವುದು ಹೆಚ್ಚಾಗಿ ಇಲ್ಲಿಯೇ. ಪೆಟ್ರೋಲ್ ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವ ಪದ್ಧತಿ ಕೆಲವರಲ್ಲಿದೆ. ಜಾವಾದಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ ಆದ್ದರಿಂದ ಪೆಟ್ರೋಲ್ ಕಡಿಮೆಯಾದಾಗ ಆಯಿಲೂ ಕಡಿಮೆಯಾಗುತ್ತದೆ; ಬಟ್ಟಲನ್ನು ಬಿಚ್ಚಿ ಒರೆಸಿ ಕೂಡಿಸುವುದೇ ಒಳ್ಳೆಯದು.

ಇನ್ನು ಎಂಜಿನ್. ಫೋರ್-ಸ್ಟ್ರೋಕ್ ಗಾಡಿಯಂತೆ ಇದರ ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಕೆಳಗೆ ಆಯಿಲ್ ನಿಂತಿರುವುದಿಲ್ಲ. ಗೇರ್‌ಬಾಕ್ಸಿನ ಆಯಿಲ್ ಬೇರೆ, ಅದು ಕ್ರ್ಯಾಂಕನ್ನು ಮುಟ್ಟುವುದಿಲ್ಲ. ಕ್ರ್ಯಾಂಕಿನ ಬೇರಿಂಗ್‌ಗಳಿಗೆ ರಕ್ಷಣೆಯೆಂದರೆ ಕೊನೆಯ ಸಲ ಓಡಿಸಿದಾಗ ಹತ್ತಿಕೊಂಡ ತೆಳುವಾದ ಆಯಿಲ್ ಪದರ ಮಾತ್ರ. ಹಾಗಾಗಿ ಕಾರ್ಬ್ಯುರೇಟರ್ ಬಿಚ್ಚಿದಾಗಲೇ ಅದು ಕೂರುವ ಬಾಯಿಯಿಂದ ಒಂದೆರಡು ಚಮಚ, ಸ್ಪಾರ್ಕ್ ಪ್ಲಗ್ ತೆಗೆದ ತೂತಿನಿಂದ ಒಂದು ಚಮಚ 2ಟಿ ಆಯಿಲ್ ಬಿಟ್ಟು, ಗೇರ್ ಲಿವರನ್ನೇ ಕಿಕ್ಕರ್ ಮಾಡಿಕೊಂಡು ಕೈಯಿಂದಲೇ ನಿಧಾನವಾಗಿ ಕೆಲವು ಸುತ್ತು ತಿರುಗಿಸಿ. ಪಿಸ್ಟನ್ ಮೇಲೆ ಬಂದಲ್ಲಿಗೆ ನಿಲ್ಲಿಸಿ ಪ್ಲಗ್ ಹಾಕಿಬಿಡಿ. ಆಗ ಸೈಲೆನ್ಸರ್ ಕಡೆಯ ದಾರಿ ಪಿಸ್ಟನ್ನಿಂದ ಮುಚ್ಚಿಕೊಂಡು ಸಿಲಿಂಡರಿನ ಮೇಲ್ಭಾಗಕ್ಕೆ ಹೊರಗಿನ ಗಾಳಿ ತಾಗುವುದಿಲ್ಲ.

ಪಕ್ಕದ ಮನೆಯ ಹುಡುಗನಿಗೆ ಧನ್ಯವಾದ ಹೇಳಿ, ಆದರೆ ಕೀಲಿ ಕೊಡಬೇಡಿ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ನಿಂತಲ್ಲೇ ಐದು ನಿಮಿಷ ಓಡಿಸಿದರೆ ಎರಡೂ ಸೈಲೆನ್ಸರ್‌ಗಳು ತುದಿಯವರೆಗೆ ಕಾಯುವುದಿಲ್ಲವಾದ್ದರಿಂದ ಆ ಆವಿ ಒಳಗೇ ಹನಿಗಟ್ಟಿ ಉಳಿಯುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ. ಓಡಿಸುವುದಾದರೆ ಮೈ ಪೂರ್ತಿ ಕಾಯುವಷ್ಟು ದೂರ ರಸ್ತೆಯಲ್ಲಿ ಓಡಿಸಬೇಕು, ಇಲ್ಲವಾದರೆ ಮುಟ್ಟಲೇಬಾರದು.

ಬ್ಯಾಟರಿಯನ್ನು ಮಾತ್ರ ಆ ಹುಡುಗನಿಗೆ ಒಪ್ಪಿಸಬಹುದು. ಗಾಡಿಯ ಚೌಕಟ್ಟಿಗೆ ಸೇರಿದ (ಅರ್ತ್) ವೈರನ್ನು ಮೊದಲು ಬಿಚ್ಚಿ ಹೊರತೆಗೆದು, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿದರೆ ಸಾಕು. ನಿಮ್ಮದು 6 ವೋಲ್ಟಿನದು. ಕಾರಿನ ಬ್ಯಾಟರಿಗೆ ಹಾಕುವ 12 ವೋಲ್ಟ್ ಚಾರ್ಜರ್ ಜೋಡಿಸಬಾರದೆಂದು ಒಂದು ಚೀಟಿ ಬರೆದು ಅದಕ್ಕೇ ಅಂಟಿಸಿ. ಚಾರ್ಜ್ ತುಂಬಿದ ಬ್ಯಾಟರಿ ಕೆಲವು ಗಂಟೆ ಬಿಟ್ಟು ಅಳೆದಾಗ ಸುಮಾರು 6.3 ವೋಲ್ಟ್ ತೋರಿಸುತ್ತದೆ.

ನಿಲ್ಲಿಸುವ ದಿನದ ಆಯ್ಕೆಯೂ ಮುಖ್ಯ. ನವೆಂಬರ್‌ನಲ್ಲಿ ಹಿಂಗಾರಿನ ಮಳೆ ಇನ್ನೂ ಮುಗಿದಿರುವುದಿಲ್ಲ; ಜಡಿ ಹಿಡಿದ ದಿನ ಒದ್ದೆ ಗಾಡಿಯನ್ನು ಒಳಗೆ ತಳ್ಳಿ ಹೊದಿಕೆ ಹಾಕಿದರೆ ಮುಂದಿನ ಒಣ ತಿಂಗಳುಗಳಿಂದ ಏನೂ ಪ್ರಯೋಜನವಿಲ್ಲ. ಟ್ಯಾಂಕ್ ಖಾಲಿ ಮಾಡುವುದಕ್ಕೆ ಮುನ್ನ, ಬಿಸಿಲು ಬಂದ ದಿನ ತೊಳೆದು, ಬನ್ನೂರು ರಸ್ತೆಯಲ್ಲೋ ನಂಜನಗೂಡು ರಸ್ತೆಯಲ್ಲೋ ಅರ್ಧ ಗಂಟೆ ಓಡಿಸಿ, ಬಿಸಿಯಿರುವಾಗಲೇ ಗೇರ್ ಆಯಿಲ್ ಬದಲಿಸಿ. ಜಾವಾದ ಚೈನ್ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಇರುವುದು ಧೂಳಿಗೆ ಒಳ್ಳೆಯದೇ, ಆದರೆ ತೊಳೆದ ನೀರು ಒಳಗೆ ಹೋದರೆ ಹೊರಬರಲು ದಾರಿಯಿಲ್ಲ. ಮುಚ್ಚಳ ಸಡಿಲಿಸಿ ಒಣಗಿಸಿ, ಚೈನಿಗೆ ಆಯಿಲ್ ಬಿಟ್ಟು ಮುಚ್ಚಿ. ಕ್ರೋಮ್ ಭಾಗಗಳಿಗೆ ವ್ಯಾಸಲೀನ್ ತೆಳುವಾಗಿ ಸವರಿದರೆ ಸಾಕು. ಟೈರುಗಳಿಗೆ ಸ್ವಲ್ಪ ಹೆಚ್ಚು ಗಾಳಿ ತುಂಬಿಸಿ, ನೆಲದ ಮೇಲೆ ಹಲಗೆ ಹಾಕಿ ಸೆಂಟರ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಹೊದಿಸಲು ಹಳೆಯ ಹತ್ತಿ ಬೆಡ್‌ಶೀಟ್ ಸಾಕು. ಪ್ಲಾಸ್ಟಿಕ್ ಟಾರ್ಪಾಲು ಬೇಡ, ಡಿಸೆಂಬರ್ ಮುಂಜಾನೆ ಅದನ್ನು ಎತ್ತಿ ನೋಡಿದವರಿಗೆ ಒಳಮೈಯಲ್ಲಿ ಸಾಲಾಗಿ ನಿಂತ ಹನಿಗಳು ಗೊತ್ತು.

ಹಿಂದಿರುಗಿದ ಮೇಲೆ ಹೊಸ ಪೆಟ್ರೋಲಿಗೆ ಎಂದಿನ ಪ್ರಮಾಣದಲ್ಲೇ ಆಯಿಲ್ ಬೆರೆಸಿ, ಪ್ಲಗ್ ತೆಗೆದು ನಾಲ್ಕಾರು ಸಲ ಕಿಕ್ ಮಾಡಿ ಒಳಗಿನ ಆಯಿಲ್ ಹೊರಹಾಕಿ, ಆಮೇಲೆ ಸ್ಟಾರ್ಟ್ ಮಾಡಿ. ಕ್ಲಚ್ ಪ್ಲೇಟುಗಳು ಅಂಟಿಕೊಂಡಿರುವುದು ಸಹಜ. ಎಂಜಿನ್ ಆರಿರುವಾಗಲೇ ಗೇರ್ ಹಾಕಿ, ಕ್ಲಚ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳಿದರೆ ಬಿಟ್ಟುಕೊಳ್ಳುತ್ತವೆ. ಮೊದಲ ಹತ್ತು ನಿಮಿಷ ಹೊಗೆ ಜೋರಾಗಿಯೇ ಬರುತ್ತದೆ, ಗಾಬರಿ ಬೇಡ.

ಪ್ರಶ್ನೆ: ಬೈಕ್ ಓಡಿಸದ ತಿಂಗಳುಗಳಲ್ಲಿ ವಿಮೆ ಕಟ್ಟಬೇಕೆ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಕಟ್ಟಿ. ರಸ್ತೆಗೆ ಇಳಿಸುವ ದಿನ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ನಿಂತ ಗಾಡಿಗೂ ಕಳ್ಳತನ, ಬೆಂಕಿಯ ಭಯ ಇದ್ದೇ ಇದೆ, ಆದರೆ ಅದಕ್ಕೆ ಥರ್ಡ್ ಪಾರ್ಟಿ ಪಾಲಿಸಿಯೊಂದೇ ಸಾಲದು. 15 ವರ್ಷ ಮೀರಿದ ಗಾಡಿಯ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ, ಅದರ ಅವಧಿ ಈ ತಿಂಗಳುಗಳಲ್ಲಿ ಮುಗಿಯುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ಕೊಯ್ಲಿನ ಕಾಲದಲ್ಲಿ ತೋಟದ ಶೆಡ್ಡಿನಲ್ಲಿ ಭತ್ತ, ಗೊಬ್ಬರದ ಮೂಟೆಗಳ ಪಕ್ಕ ನಿಲ್ಲಿಸುತ್ತೇನೆ. ಮಳೆಗೆ ಒಂದು ಹನಿಯೂ ಸೋರದ ಶೆಡ್ಡು. ಆದರೂ ಪ್ರತಿ ವರ್ಷ ರಿಮ್ಮು, ಕಡ್ಡಿಗಳಿಗೆ ತುಕ್ಕು. ಏಕೆ?
– ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ನೀರು ಸೂರಿನಿಂದಲೇ ಬರಬೇಕೆಂದಿಲ್ಲ. ನಾವು ಪೊಟ್ಯಾಷ್ ಎಂದು ತರುವ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಹತ್ತಿರದ ಬಂಧು. ಮೂಟೆ ಎತ್ತಿ ಇಳಿಸುವಾಗ ಏಳುವ ಅದರ ಪುಡಿ ಕ್ರೋಮಿನ ಸಣ್ಣ ಬಿರುಕುಗಳಲ್ಲಿ ಕೂತು, ರಾತ್ರಿಯ ತೇವ ಸೇರಿದಾಗ ಉಪ್ಪುನೀರಾಗಿ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಯೂರಿಯಾ ಕೂಡ ತೇವ ಎಳೆಯುವ ವಸ್ತುವೇ. ಬಾಯಿ ಬಿಚ್ಚಿದ ಮೂಟೆ ಹೇಗೆ ನೀರೊಡೆಯುತ್ತದೆಂದು ನಿಮಗೆ ಹೇಳಬೇಕಿಲ್ಲ. ಅದೇ ಸೂರಿನಡಿ ದನವನ್ನೂ ಕಟ್ಟುತ್ತಿದ್ದರೆ ಗಂಜಲದಿಂದೇಳುವ ಅಮೋನಿಯಾ ಹಿತ್ತಾಳೆ, ತಾಮ್ರಕ್ಕೆ ಹಗೆ. ಕಾರ್ಬ್ಯುರೇಟರಿನ ಜೆಟ್ಟುಗಳು ಹಿತ್ತಾಳೆಯವು, ವೈರುಗಳು ತಾಮ್ರದವು. ಗಾಡಿಯನ್ನು ಮನೆಯ ಜಗುಲಿಗೋ ಪಡಸಾಲೆಗೋ ತನ್ನಿ, ಮನೆಯವರು ಗೊಣಗಿದರೂ ಸರಿಯೇ. ಬೇರೆ ದಾರಿಯೇ ಇಲ್ಲವಾದರೆ ಮೂಟೆಗಳನ್ನಾದರೂ ಇನ್ನೊಂದು ಮೂಲೆಗೆ ಸರಿಸಿ, ನಿಲ್ಲಿಸುವ ಮುನ್ನ ರಿಮ್ಮುಗಳನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ ಕಡ್ಡಿಗಳ ಬುಡಕ್ಕೆಲ್ಲ ಆಯಿಲ್ ಸವರಿ. ಭತ್ತವಿದ್ದಲ್ಲಿ ಇಲಿಯೂ ಇರುತ್ತದೆ: ಸೀಟಿನಡಿಯ ವೈರುಗಳನ್ನು ಕಡಿಯುತ್ತದೆ, ಏರ್ ಫಿಲ್ಟರಿನಲ್ಲಿ ಗೂಡು ಕಟ್ಟುತ್ತದೆ. ಎರಡು ಸೈಲೆನ್ಸರ್‌ಗಳ ಬಾಯಿಗೂ ಆಯಿಲ್ ಬಟ್ಟೆ ತುರುಕಿ, ಅದರ ತುದಿಗೆ ಕಟ್ಟಿದ ದಾರವನ್ನು ಹ್ಯಾಂಡಲ್ ತನಕ ಎಳೆದು ಬಿಗಿದರೆ ತೆಗೆಯದೆ ಕಿಕ್ ಹೊಡೆಯುವ ಸಂಭವವಿರುವುದಿಲ್ಲ.