ಪ್ರಯೋಗಶೀಲ ಸಂಗೀತ ಬಿಟ್ಟು ರಾಕ್ ಹಾಡುಗಳತ್ತ ಬಂದದ್ದು ಜಾನ್ ಕೇಲ್ ಮಾಡಿಕೊಂಡ ರಾಜಿಯೇ?

ರಾಜಿ ಎಂದು ನನಗೆ ಖಂಡಿತ ಅನ್ನಿಸುವುದಿಲ್ಲ. ಒಂದೇ ಸ್ವರವನ್ನು ಗಂಟೆಗಟ್ಟಲೆ ನುಡಿಸುತ್ತಿದ್ದ ಕೇಲ್ 1973ರಲ್ಲಿ ‘ಪ್ಯಾರಿಸ್ 1919’ರಂಥ ಇಂಪಾದ ಆಲ್ಬಂ ತಂದದ್ದು ಮಾರುಕಟ್ಟೆಗೆ ಶರಣಾದಂತೆ ಎಂದು ನೀವು ಬರೆದಿದ್ದೀರಿ. ನಾನು ಹಾಸನದಲ್ಲಿ ಮಕ್ಕಳಿಗೆ ಪಿಟೀಲು ಕಲಿಸುವವನು. ನನ್ನ ಕಿವಿಗೆ ಕೇಳಿಸಿದ್ದನ್ನು ಹೇಳುತ್ತೇನೆ.

ಕೇಲ್ ವೇಲ್ಸ್‌ನವರು, ಲಂಡನ್ನಿನಲ್ಲಿ ಶಾಸ್ತ್ರೀಯವಾಗಿ ಸಂಗೀತ ಕಲಿತವರು. 1963ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಯೋಗಶೀಲ ಸಂಗೀತಗಾರ ಜಾನ್ ಕೇಜ್ ಏರ್ಪಡಿಸಿದ್ದ ಕಛೇರಿಯೊಂದರಲ್ಲಿ ಫ್ರೆಂಚ್ ಸಂಗೀತಗಾರ ಎರಿಕ್ ಸಾಟಿಯ ಪುಟ್ಟ ಪಿಯಾನೋ ರಚನೆಯನ್ನು 840 ಬಾರಿ, 18 ಗಂಟೆಗೂ ಹೆಚ್ಚು ಕಾಲ ಸರದಿಯ ಮೇಲೆ ನುಡಿಸಿದವರಲ್ಲಿ ಅವರೂ ಒಬ್ಬರು. ಆಮೇಲೆ ದೀರ್ಘ ಸ್ವರಗಳ ಪ್ರಯೋಗಕ್ಕೆ ಹೆಸರಾದ ಲಾ ಮಾಂಟ್ ಯಂಗ್ ಅವರ ಬಳಗ ಸೇರಿ, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾದಲ್ಲಿ ದೀರ್ಘ ಸ್ವರಗಳನ್ನು ಹಿಡಿದು ನಿಂತರು. ಪಿಟೀಲಿನಂತೆ ವಯೋಲಾದ ಕುದುರೆಯೂ, ಅಂದರೆ ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡೂ, ಮೇಲ್ಗಡೆ ಬಾಗಿರುತ್ತದೆ, ಹಾಗಾಗಿ ಕಮಾನು ಸಾಮಾನ್ಯವಾಗಿ ಒಂದೆರಡು ತಂತಿಗಳನ್ನಷ್ಟೇ ಮುಟ್ಟುತ್ತದೆ. ಕೇಲ್ ಆ ಕುದುರೆಯನ್ನು ಉಜ್ಜಿ ಸಪಾಟು ಮಾಡಿ, ಗಿಟಾರಿನ ಉಕ್ಕಿನ ತಂತಿ ಬಿಗಿದರು. ತಂತಿಗಳೆಲ್ಲ ಒಟ್ಟಿಗೆ ಮೊರೆಯತೊಡಗಿದವು. ಆ ಮೊರೆತ ಬೇಕಿದ್ದರೆ ಅವರಿದ್ದ ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡದ 1967ರ ಆಲ್ಬಂನಲ್ಲಿ ‘ವೀನಸ್ ಇನ್ ಫರ್ಸ್’ ಕೇಳಿ.

ನಮ್ಮ ಜಿಲ್ಲೆಯ ರುದ್ರಪಟ್ಟಣದಲ್ಲಿ ವಿದ್ವಾನ್ ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಕಟ್ಟಿಸಿದ್ದಾರೆ. ಶ್ರುತಿಗೆ ಅಷ್ಟು ದೊಡ್ಡ ಗೌರವ ಸಲ್ಲಬೇಕಾದದ್ದೇ. ತಂಬೂರಿ ಯಾವ ರಾಗವನ್ನೂ ನುಡಿಸುವುದಿಲ್ಲ, ಆದರೆ ಪಕ್ಕದಲ್ಲಿ ಕುಳಿತವರ ಕಿವಿಯನ್ನು ತಿದ್ದುತ್ತದೆ. ವರ್ಷಗಟ್ಟಲೆ ಒಂದು ಸ್ವರದೊಳಗೆ ಇದ್ದುಬಂದವರು ಮೂರು ನಿಮಿಷದ ಹಾಡು ಕಟ್ಟಿದರೂ ಆ ಕಿವಿ ಎಲ್ಲಿಗೂ ಹೋಗುವುದಿಲ್ಲ.

‘ಪ್ಯಾರಿಸ್ 1919’ರಲ್ಲಿ ಲಿಟಲ್ ಫೀಟ್ ತಂಡದ ಲೊವೆಲ್ ಜಾರ್ಜ್, ರಿಚೀ ಹೇವರ್ಡ್‌ರಂಥ ಪಕ್ಕಾ ರಾಕ್ ವಾದಕರಿದ್ದಾರೆ, ನಿಜ. ಆದರೆ ಶೀರ್ಷಿಕೆ ಗೀತೆಯನ್ನು ಹೊತ್ತು ಸಾಗುವುದು ತಂತಿವಾದ್ಯಗಳ ಮೇಳ. ಕಮಾನುಗಳು ಮೊಟಕಾಗಿ, ಒಂದೇ ನಡೆಯಲ್ಲಿ ಮತ್ತೆ ಮತ್ತೆ ತಾಗುತ್ತವೆ. ಎಷ್ಟು ನುಡಿಸಬಾರದು ಎಂದು ಗೊತ್ತಿದ್ದವರು ಮಾತ್ರ ಹೀಗೆ ಬರೆಯಬಲ್ಲರು. ಕೊನೆಯ ಹಾಡನ್ನಂತೂ ಅವರು ಪಿಸುಗುಟ್ಟಿದ್ದಾರೆ. ಈ ಹಾಡುಗಳಲ್ಲಿ ಬರುವುದು ಮೊದಲ ಮಹಾಯುದ್ಧ ಮುಗಿದ ಮೇಲಿನ ಪ್ಯಾರಿಸ್ ಶಾಂತಿ ಸಮ್ಮೇಳನ, ಮ್ಯಾಕ್‌ಬೆತ್, ಕಾದಂಬರಿಕಾರ ಗ್ರಹಾಂ ಗ್ರೀನ್, ಅಂಟಾರ್ಕ್ಟಿಕಾ: ಇವೆಲ್ಲ ಮಾರಾಟಕ್ಕೆಂದು ಯಾರೂ ಆರಿಸಿಕೊಳ್ಳುವ ವಸ್ತುಗಳಲ್ಲ.

ಇನ್ನೊಂದು ಮಾತು. ಕೇಲ್ ಒಂದು ದಿನ ಪ್ರಯೋಗ ನಿಲ್ಲಿಸಿ ಮರುದಿನ ಹಾಡು ಹಿಡಿದವರಲ್ಲ. 1970ರಲ್ಲೇ ‘ವಿಂಟೇಜ್ ವಯಲೆನ್ಸ್’ ಎಂಬ ಸರಳ ಹಾಡುಗಳ ಆಲ್ಬಂ ಬಂದಿತ್ತು. ಮರುವರ್ಷ ಪ್ರಯೋಗಶೀಲ ಸಂಗೀತಗಾರ ಟೆರ್ರಿ ರೈಲಿ ಜೊತೆಗೂಡಿ ಮಾಡಿದ ಪ್ರಯೋಗದ ಆಲ್ಬಂ ಬಂತು. ಎರಡೂ ಅವರಿಗೆ ಬೇಕಿತ್ತು.

ಇಷ್ಟಾದರೂ ಅನುಮಾನ ಉಳಿದರೆ 1974ರ ‘ಫಿಯರ್’ ಆಲ್ಬಂನ ಮೊದಲ ಹಾಡನ್ನು ದಯವಿಟ್ಟು ಪೂರ್ತಿ ಕೇಳಿ, ನಡುವೆ ನಿಲ್ಲಿಸಬೇಡಿ. ಪಿಯಾನೋದೊಂದಿಗೆ ಒಳ್ಳೆಯ ರಾಕ್ ಹಾಡಿನಂತೆಯೇ ಶುರುವಾಗುತ್ತದೆ. ಕೊನೆಗೆ ಬರುವಷ್ಟರಲ್ಲಿ ಬೇಸ್ ಗಿಟಾರ್ ದಾರಿ ಬಿಟ್ಟು ಓಡುತ್ತದೆ, ಕೇಲ್ ಗಂಟಲು ಹರಿದುಹೋಗುವಂತೆ ಕಿರುಚುತ್ತಾರೆ. ಕುದುರೆ ಉಜ್ಜಿದ ಆ ಹುಡುಗನೇ ಅಲ್ಲಿಯೂ ಇದ್ದಾನೆ.