ರೋಗ ತಡೆಯುವ ಬಿಪಿಟಿ (ಸಾಂಬಾ ಮಸೂರಿ) ಭತ್ತ ಕುಲಾಂತರಿಯಾ? ಭದ್ರಾ ಅಚ್ಚುಕಟ್ಟಿನಲ್ಲಿ ಹಾಕಬಹುದಾ?

ಕುಲಾಂತರಿ, ಅಂದರೆ ಲ್ಯಾಬಿನಲ್ಲಿ ಹೊರಗಿನ ಜೀನ್ ತೂರಿಸಿದ ತಳಿ, ಅಲ್ಲ. ಧೈರ್ಯವಾಗಿ ಹಾಕಬಹುದು. ಆದರೆ ನಿಮ್ಮ ಗದ್ದೆಯ ಭತ್ತದ ಎಲೆ ತುದಿಯಿಂದ ಒಣಗುತ್ತಿದೆ ಅಂತಷ್ಟೇ ಬರೆದಿದ್ದೀರಿ. ಬೀಜ ಹುಡುಕುವ ಮೊದಲು ಅದು ಯಾವ ರೋಗ ಅಂತ ಖಾತ್ರಿ ಮಾಡಿಕೊಳ್ಳಿ.

ನಮ್ಮ ಕಡೆ ಭತ್ತದ ಎಲೆ ಏನೇ ಆದರೂ ಬೆಂಕಿ ರೋಗ ಅಂತ ಔಷಧಿ ಹೊಡೆದುಬಿಡುತ್ತೇವೆ. ಬೆಂಕಿ ರೋಗ ಶಿಲೀಂಧ್ರದ್ದು, ನಡು ದಪ್ಪ, ಎರಡೂ ತುದಿ ಚೂಪಾದ ಚುಕ್ಕೆ, ನಡುವೆ ಬೂದಿ ಬಣ್ಣ. ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿಯಲ್ಲಿ ತುದಿ ಅಥವಾ ಅಂಚಿನಿಂದ ಹಳದಿ ಪಟ್ಟೆ ಅಂಕುಡೊಂಕಾಗಿ ಕೆಳಗಿಳಿದು, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅನುಮಾನ ಇದ್ದರೆ ಹಸಿರು ಹಳದಿ ಕೂಡುವ ಜಾಗದಲ್ಲಿ ಎಲೆ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಇಳಿಬಿಟ್ಟು ಬೆಳಕಿಗೆ ಹಿಡಿಯಿರಿ. ದುಂಡಾಣು ಇದ್ದರೆ ಸ್ವಲ್ಪ ಹೊತ್ತಿನಲ್ಲೇ ಕತ್ತರಿಸಿದ ತುದಿಯಿಂದ ಬೆಳ್ಳಗೆ ಎಳೆ ಎಳೆಯಾಗಿ ನೀರಿಗೆ ಇಳಿಯುತ್ತದೆ.

ಇನ್ನು ತಳಿ ವಿಚಾರ. ಬಿಪಿಟಿ 5204, ಅಂದರೆ ಸಾಂಬಾ ಮಸೂರಿ, ಊಟಕ್ಕೆ ಚೆನ್ನ, ದುಂಡಾಣು ಅಂಗಮಾರಿಗೆ ಮಾತ್ರ ಬಡಪಾಯಿ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಅಲ್ಲಿಯದೇ ಜೀವವಿಜ್ಞಾನ ಸಂಸ್ಥೆ ಸಿಸಿಎಂಬಿಯವರು ಅದಕ್ಕೆ ರೋಗ ತಡೆಯುವ ಮೂರು ಜೀನ್ ಕೂಡಿಸಿ 2008ರಲ್ಲಿ ಇಂಪ್ರೂವ್ಡ್ ಸಾಂಬಾ ಮಸೂರಿ ಬಿಟ್ಟರು. ಮಾಡಿದ್ದು ಹಳೇ ಕ್ರಾಸಿಂಗೇ. ರೋಗ ತಡೆಯುವ ಭತ್ತದ ಜೊತೆ ಕೂಡಿಸಿ, ಹುಟ್ಟಿದ ಸಸಿಗಳನ್ನು ಮತ್ತೆ ಮತ್ತೆ ಬಿಪಿಟಿಗೇ ಕ್ರಾಸ್ ಮಾಡಿದರು. ಜೀನ್ ಯಾವ ಸಸಿಗೆ ಬಂದಿದೆ ಅಂತ ಪ್ರತಿ ಸಲ ಡಿಎನ್‌ಎ ಗುರುತು ನೋಡಿ ಆರಿಸಿದರು, ಅಷ್ಟೇ.

ಮೂರು ಯಾಕೆ ಅಂದರೆ, ಒಂದನ್ನೇ ನಂಬಿದರೆ ದುಂಡಾಣು ಬದಲಾಗಿ ಅದನ್ನು ದಾಟಿಬಿಡುತ್ತದೆ. ಎಕ್ಸ್‌ಎ 4 ಅನ್ನುವ ಜೀನ್‌ಗೆ ಏಷ್ಯಾದ ಹಲವು ಕಡೆ ಹೀಗೇ ಆಯ್ತು. ಈಗಿನ ಮೂರರಲ್ಲಿ ಎಕ್ಸ್‌ಎ 21 ಆಫ್ರಿಕಾದ ಕಾಡುಭತ್ತದಿಂದ ಬಂದದ್ದು. ದುಂಡಾಣುವಿನ ಸುಳಿವು ಹಿಡಿದು ಗಿಡವನ್ನು ಅದರ ವಿರುದ್ಧ ಎಬ್ಬಿಸುವುದು ಅದರ ಕೆಲಸ. ಆದರೆ ಎಳೆ ಸಸಿಯಲ್ಲಿ ಅಷ್ಟು ಜೋರಿಲ್ಲ, ಗಿಡ ಬಲಿತ ಹಾಗೆ ಜಾಸ್ತಿಯಾಗುತ್ತದೆ. ನನಗೆ ಬಹಳ ಇಷ್ಟ ಎಕ್ಸ್‌ಎ 13. ದುಂಡಾಣು ಗಿಡದೊಳಗೆ ಒಂದು ಪ್ರೋಟೀನ್ ನುಗ್ಗಿಸಿ, ಸಕ್ಕರೆ ಹೊರಬಿಡುವ ಗಿಡದ್ದೇ ಒಂದು ಜೀನ್‌ನ ಸ್ವಿಚ್ ಹಾಕಿಸಿಕೊಳ್ಳುತ್ತದೆ. ಎಕ್ಸ್‌ಎ 13 ಇರುವ ಗಿಡದಲ್ಲಿ ಆ ಸ್ವಿಚ್ಚೇ ಬದಲಾಗಿದೆ, ದುಂಡಾಣುವಿಗೆ ಅದನ್ನು ಹಾಕಲು ಆಗುವುದಿಲ್ಲ. ಜಗಳವಿಲ್ಲ, ಸುಮ್ನೆ ಊಟ ಹಾಕುವುದಿಲ್ಲ! ಮೂರನೆಯದು ಎಕ್ಸ್‌ಎ 5.

ಒಂದು ಎಚ್ಚರಿಕೆ. ಈ ಮೂರೂ ಜೀನ್ ಬೆಂಕಿ ರೋಗಕ್ಕೆ ಕೆಲಸ ಮಾಡುವುದಿಲ್ಲ. ಭದ್ರಾವತಿ ಕಡೆಯ ಬಯಲಿಗೆ ಸರಿ, ಆದರೆ ತೀರ್ಥಹಳ್ಳಿ, ಹೊಸನಗರದ ಮಳೆ, ಮೋಡ, ಮಂಜಿನ ಗದ್ದೆಗೆ ಈ ತಳಿ ಹಾಕಿ ಅಂತ ನಾನು ಹೇಳುವುದಿಲ್ಲ. ಅಲ್ಲಿ ಮೊದಲ ಶತ್ರು ಬೆಂಕಿ ರೋಗವೇ ಅಲ್ವಾ? ನೀವೂ ಮೊದಲ ವರ್ಷ ಒಂದೇ ಗದ್ದೆಗೆ ಹಾಕಿ ನೋಡಿ. ಯೂರಿಯಾ ಜಾಸ್ತಿ ಸುರಿಯಬೇಡಿ, ನಾಟಿಗೆ ಮುಂಚೆ ಸಸಿ ತುದಿ ಕತ್ತರಿಸಬೇಡಿ. ಗಾಯದಿಂದ ದುಂಡಾಣು ಸುಲಭವಾಗಿ ಒಳಗೆ ಹೋಗುತ್ತದೆ. ಇದು ಹೈಬ್ರಿಡ್ ಅಲ್ಲ, ಹಾಗಾಗಿ ಬೆರಕೆ ಆಗದಂತೆ ನೋಡಿಕೊಂಡರೆ ಮುಂದಿನ ವರ್ಷಕ್ಕೆ ಮನೆ ಬೀಜವೇ ಆಗುತ್ತದೆ. ಬೀಜ ಎಲ್ಲಿ ಸಿಗುತ್ತದೆ ಅಂತ ಶಿವಮೊಗ್ಗ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.